ಮೂರು ಅಡಿ ಸೇತುವೆಯ ಫೈಲು

ಭೀಮಶಾ ಸುಳ್ಳು ಹೇಳುವ ಮನುಷ್ಯನಲ್ಲ. ಮಾತನ್ನು ಅರ್ಧಕ್ಕೆ ನಿಲ್ಲಿಸುವ ಮನುಷ್ಯ. ಹನ್ನೊಂದು ವರ್ಷದ ಹಿಂದೆ ಅವನು ಕಮಲಾಪುರದಲ್ಲಿ ಬಾಡಿಗೆ ಮನೆ ಹಿಡಿದ ದಿನ, ಪಕ್ಕದ ಮನೆಯ ಬಾಳೆಹಣ್ಣಿನ ವ್ಯಾಪಾರಿ ಇನಾಯತ್ "ನೌಕರಿ ಎಲ್ಲಿ ರೀ?" ಎಂದು ಕೇಳಿದ್ದ. "ಕಲಬುರಗಿಯಾಗ, ಎಂಜಿನಿಯರಿಂಗ್ ಆಫೀಸಿನಾಗ" ಎಂದು ಭೀಮಶಾ ಹೇಳಿದ. ಆ ಮಾತಿಗೆ ಇನ್ನೊಂದು ಅರ್ಧ ಇತ್ತು: "ಟಪಾಲು ಟೇಬಲ್ ನಂದು, ಬಂದ ಕಾಗದಕ್ಕ ನಂಬರ್ ಹಾಕ್ತೀನಿ." ಅದನ್ನು ಹೇಳಬೇಕು ಎನ್ನುವಷ್ಟರಲ್ಲಿ ಸಾಮಾನು ತಂದ ಟೆಂಪೊ ಹಾರ್ನ್ ಹೊಡೆಯಿತು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಯಷ್ಟರಲ್ಲಿ ಓಣಿಯೆಲ್ಲ ಅವನನ್ನು ಎಂಜಿನಿಯರ್ ಸಾಹೇಬ್ರು ಎಂದು ಕರೆಯತೊಡಗಿತ್ತು.

ಯಾವ ಇಲಾಖೆಯ ಆಫೀಸು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಕಥೆಗೂ ಒಂದು ಇನ್ವರ್ಡ್ ನಂಬರ್ ಬೀಳುತ್ತದೆ.

ಎಂಜಿನಿಯರ್ ಆಗಿರುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ಭೀಮಶಾನಿಗೆ ಬೇಗ ತಿಳಿಯಿತು. ಯಾರಾದರೂ ಬಂದು "ಸಾಹೇಬ್ರ, ಈ ಗೋಡಿ ನಿಲ್ತದೇನ್ರಿ?" ಎಂದರೆ ಹೋಗಿ ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ತಟ್ಟಬೇಕು, ಕಣ್ಣು ಮುಚ್ಚಿ ಕೇಳಬೇಕು, "ಲೋಡ್ ನೋಡಬೇಕಾಗ್ತದ" ಎನ್ನಬೇಕು. ಅಷ್ಟೇ. ಹನ್ನೊಂದು ವರ್ಷದಲ್ಲಿ ಅವನು ತಟ್ಟಿದ ಗೋಡೆಗಳಲ್ಲಿ ಒಂದೂ ಬಿದ್ದಿರಲಿಲ್ಲ. ಅದಕ್ಕೆ ಕಾರಣ ಅವನ್ನು ಕಟ್ಟಿದ ಗೌಂಡಿಗಳು. ಹೆಸರು ಮಾತ್ರ ಭೀಮಶಾನದು.

ಹೆಂಡತಿ ರಮಾಬಾಯಿಗೆ ನಿಜ ಗೊತ್ತಿತ್ತು. "ಎಂಜಿನಿಯರ್ ಸಾಹೇಬ್ರ, ಮೊದಲ ಈ ಕುಕ್ಕರಿನ ಹಿಡಿಕಿ ಕೂಡಿಸ್ರಿ" ಎಂದು ಆಕೆ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಆದರೆ ಮಗಳು ಪಂಚಶೀಲಾಗೆ ಗೊತ್ತಿರಲಿಲ್ಲ. ನಾಲ್ಕನೆಯ ತರಗತಿಯ ಆ ಹುಡುಗಿ ಅಪ್ಪನನ್ನು ಎಂಜಿನಿಯರ್ ಎಂದೇ ನಂಬಿಕೊಂಡು ಹುಟ್ಟಿದ್ದಳು, ಹಾಗೆಂದೇ ಬೆಳೆದಿದ್ದಳು. ಕಲಬುರಗಿಗೆ ಹೋದಾಗ ಕಂಡ ಫ್ಲೈಓವರುಗಳಲ್ಲಿ ಅರ್ಧದಷ್ಟನ್ನು ಅಪ್ಪನ ಲೆಕ್ಕಕ್ಕೆ ಹಾಕಿಬಿಟ್ಟಿದ್ದಳು. ಭೀಮಶಾ ಊರಿಗೆ ಹೆದರುತ್ತಿರಲಿಲ್ಲ, ಹೆಂಡತಿಗೆ ಹೆದರುವುದನ್ನು ರೂಢಿ ಮಾಡಿಕೊಂಡಿದ್ದ. ಈ ಒಂಬತ್ತು ವರ್ಷದ ಹುಡುಗಿಯ ಮುಂದೆ ಮುಖ ಕೆಳಗಾಗುವುದೊಂದೇ ಅವನಿಂದ ಆಗದ ಕೆಲಸವಾಗಿತ್ತು.

ಆ ಹೊತ್ತಿಗೆ ಸರಿಯಾಗಿ ಶಾಲೆಯ ರಾಜೇಶ್ರೀ ಟೀಚರ್ ಕಲಬುರಗಿಯಲ್ಲಿ ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದರು. ಮಕ್ಕಳು ಪುಸ್ತಕ ಓದಿ ಎಂಜಿನಿಯರಿಂಗ್ ಕಲಿಯುವುದಿಲ್ಲ, ಕೈಯಾರೆ ಮಾಡಿ ಕಲಿಯುತ್ತಾರೆ ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ. ಮೊದಲು ಒಂದು ತೊಂದರೆ ಹುಡುಕಬೇಕು, ನಕ್ಷೆ ಬರೆಯಬೇಕು, ಕಟ್ಟಬೇಕು, ಮುರಿದರೆ ಯಾಕೆ ಮುರಿಯಿತು ಎಂದು ನೋಡಿ ಮತ್ತೆ ಕಟ್ಟಬೇಕು. ಟೀಚರ್ ಮಕ್ಕಳನ್ನು ತೊಂದರೆ ಹುಡುಕಲು ಅಂಗಳಕ್ಕೆ ಬಿಟ್ಟರು. ಸರಕಾರಿ ಶಾಲೆಯ ಅಂಗಳದಲ್ಲಿ ತೊಂದರೆ ಹುಡುಕುವುದಕ್ಕೆ ಐದು ನಿಮಿಷ ಸಾಕಾಯಿತು. ಬಿಸಿಯೂಟದ ಅಡಿಗೆ ಕೋಣೆಗೂ ತರಗತಿಗೂ ನಡುವೆ ಕೈ ತೊಳೆದ ನೀರು ಹರಿಯುವ ನಾಲಿ ಇತ್ತು. ಅದರ ಮೇಲೆ ಮೂರಡಿ ಉದ್ದದ ಸೇತುವೆ ಕಟ್ಟಬೇಕು, ಜೋಳದ ದಂಟು ಮತ್ತು ನೂಲಿನಲ್ಲಿ. ಅದು ಒಂದು ಡಜನ್ ಕೆಂಪು ಬಾಳೆಹಣ್ಣಿನ ಭಾರ ತಡೆಯಬೇಕು.

"ಇದಕ್ಕ ಒಬ್ರು ಎಂಜಿನಿಯರ್ ಬಂದು ಮಕ್ಕಳಿಗಿ ಹೇಳಿಕೊಟ್ರ ಛಲೋ ಆಗ್ತಿತ್ತು" ಎಂದರು ಟೀಚರ್.

ಪಂಚಶೀಲಾ ಎದ್ದು ನಿಂತಳು. "ನಮ್ಮಪ್ಪ ಹಾನಲ್ರಿ ಟೀಚರ್."

ಎರಡನೆಯ ಶನಿವಾರ ಆಫೀಸಿಗೆ ರಜೆ, ಶಾಲೆಗೆ ಇಲ್ಲ. ತಪ್ಪಿಸಿಕೊಳ್ಳಲು ಭೀಮಶಾ ಬೆಳಿಗ್ಗೆಯೇ ಸೊಂಟ ಹಿಡಿದಿದೆ ಎಂದ. ರಮಾಬಾಯಿ ಅವನ ಇಸ್ತ್ರಿ ಅಂಗಿ ತಂದು ಮುಂದೆ ಇಟ್ಟಳು. "ಹನ್ನೊಂದು ವರ್ಷ ಗೋಡಿ ಬಡದೀರಿ. ಇವತ್ತು ಹೋಗಿ ದಂಟು ಬಡದು ಬರ್ರಿ" ಎಂದಳು.

ಇಪ್ಪತ್ತೆಂಟು ಮಕ್ಕಳು ನೆಲದ ಮೇಲೆ ಕುಳಿತು ಅವನ ಬಾಯಿ ನೋಡುತ್ತಿದ್ದರು. ಇನಾಯತ್‌ನ ಮಗಳು ಮದಿಹಾ ಮೊದಲ ಪ್ರಶ್ನೆ ಎಸೆದಳು. "ಅಂಕಲ್, ಸೇತುವಿ ಯಾಕ ಬೀಳಂಗಿಲ್ಲ?"

ಗೋಡೆಯಾಗಿದ್ದರೆ ತಟ್ಟಬಹುದಿತ್ತು. ಭೀಮಶಾ ಸುತ್ತ ನೋಡಿದ. ಹಣೆಯ ಬೆವರು ಒರೆಸಿಕೊಂಡ. ಆಮೇಲೆ ತನಗೆ ನಿಜವಾಗಿ ಗೊತ್ತಿದ್ದ ಒಂದೇ ಒಂದು ವಿಷಯವನ್ನು ಗಟ್ಟಿ ದನಿಯಲ್ಲಿ ಹೇಳಿದ. "ಸೇತುವಿ ಬೀಳೂದು ನಿಲ್ಲೂದು ಆಮ್ಯಾಗಿನ ಮಾತು. ಮೊದಲ ಅರ್ಜಿ ಬೇಕು."

ಮುಂದಿನ ಒಂದು ಗಂಟೆ ಆ ತರಗತಿಯಲ್ಲಿ ನಡೆದ ಪಾಠ ಯಾವ ತರಬೇತಿಯಲ್ಲೂ ಸಿಗುವಂಥದ್ದಲ್ಲ. ಯಾರಿಗೆ ಬರೆಯಬೇಕು, ವಿಷಯ ಎಲ್ಲಿ ಬರಬೇಕು, ಕೆಳಗೆ ಗೆರೆ ಯಾಕೆ ಎಳೆಯಬೇಕು, ಲಗತ್ತು ಎಂದರೇನು, ಎಲ್ಲವನ್ನೂ ಭೀಮಶಾ ಕುಣಿದು ಕುಣಿದು ಹೇಳಿಕೊಟ್ಟ. ಮಕ್ಕಳು ತನ್ಮಯರಾದರು. "ಎಂಜಿನಿಯರ್ ಸಾಹೇಬರಿಗೆ. ವಿಷಯ: ನಮ್ಮ ಶಾಲೆಗೆ ಸೇತುವೆ ಬೇಕಾದ ಬಗ್ಗೆ. ಉದ್ದ 3 ಅಡಿ. ಭಾರ: ಒಂದು ಡಜನ್ ಬಾಳೆಹಣ್ಣು. ಸಾಮಗ್ರಿ: ಜೋಳದ ದಂಟು." ಇಪ್ಪತ್ತೆಂಟು ಸಹಿ. ಲಗತ್ತು: ಪಂಚಶೀಲಾ ಬರೆದ ನಕ್ಷೆ, ಅದರಲ್ಲಿ ಸೇತುವೆಯ ಕೆಳಗೆ ಎರಡು ಮೀನು. ಟೀಚರಿಗೆ ಸ್ವಲ್ಪ ವಿಚಿತ್ರ ಅನಿಸಿತು. ಇದೂ ಹೊಸ ವಿಧಾನವೇ ಇರಬೇಕು ಎಂದು ಅವರು ನೋಟ್ಸ್ ಬರೆದುಕೊಂಡರು.

"ಈಗ ಕಟ್ಟೂದೇನ್ರಿ ಅಂಕಲ್?" ಎಂದಳು ಮದಿಹಾ.

"ಗಡಬಡ ಮಾಡಬಾರದು. ಫೈಲ್ ಮೂವ್ ಆಗಬೇಕು" ಎಂದು ಹೇಳಿ ಭೀಮಶಾ ಅರ್ಜಿಯನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದ. ಮಾನ ಉಳಿಯಿತು ಎಂದು ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚು ತಿಂದ.

ಸೋಮವಾರ ಆಫೀಸಿನಲ್ಲಿ ಬ್ಯಾಗಿನಿಂದ ಊಟದ ಡಬ್ಬಿ ತೆಗೆಯುವಾಗ ಆ ಕಾಗದವೂ ಜೊತೆಗೆ ಬಂದು ಟೇಬಲ್ಲಿನ ಮೇಲೆ, ಟಪಾಲಿನ ರಾಶಿಯಲ್ಲಿ ಕುಳಿತಿತು. ಭೀಮಶಾನ ಬಲಗೈಗೂ ತಲೆಗೂ ಹನ್ನೊಂದು ವರ್ಷದಿಂದ ಮಾತುಕತೆ ಇರಲಿಲ್ಲ. ಎಡಗೈ ಕಾಗದ ಸರಿಸಬೇಕು, ಬಲಗೈ ಠಸ್ಸೆ ಹೊಡೆಯಬೇಕು, ತಲೆ ಸ್ಟೇಶನ್ ಬಜಾರಿನಲ್ಲಿ ಸುಸಲಾ ಮಿರ್ಚಿ ತಿನ್ನುವ ಬಗ್ಗೆ ಯೋಚಿಸಬೇಕು, ಇದು ಅವರೊಳಗಿನ ಒಪ್ಪಂದ. ಢಬ್, ಢಬ್, ಢಬ್. ಇನ್ವರ್ಡ್ ನಂಬರ್ 1147 ಎಂದು ರಿಜಿಸ್ಟರಿನಲ್ಲಿ ಬರೆದು ಮುಗಿದ ಮೇಲೆ ಅವನ ಕಣ್ಣಿಗೆ ಎರಡು ಮೀನು ಕಂಡವು. ಅಷ್ಟರಲ್ಲಿ ಜವಾನ ಕಟ್ಟು ಎತ್ತಿಕೊಂಡು ಹೋಗಿಯಾಗಿತ್ತು.

ನಂಬರ್ ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕು. ರಿಜಿಸ್ಟರಿನಲ್ಲಿ ಹೊಡೆದುಹಾಕುವಂತಿಲ್ಲ, ಬಿಳಿ ಶಾಯಿ ಹಚ್ಚುವಂತಿಲ್ಲ. ಈ ನಿಯಮವನ್ನು ಆಫೀಸಿಗೆಲ್ಲ ಬಾಯಿಪಾಠ ಮಾಡಿಸಿದವನು ಸ್ವತಃ ಭೀಮಶಾ. ವಾಪಸ್ ಕೇಳಬೇಕೆಂದರೆ ಮಕ್ಕಳು ಅವನಿಗೇಕೆ ಅರ್ಜಿ ಕೊಟ್ಟರು ಎಂದು ಹೇಳಬೇಕು. ಅದನ್ನು ಹೇಳಬೇಕೆಂದರೆ ಊರಲ್ಲಿ ತಾನು ಯಾರು ಎಂದು ಹೇಳಬೇಕು. ಭೀಮಶಾ ನೀರು ಕುಡಿದು ಮುಂದಿನ ಕಾಗದಕ್ಕೆ ಠಸ್ಸೆ ಹೊಡೆದ.

ಅದು ಬಾಕಿ ಅರ್ಜಿ ವಿಲೇವಾರಿ ಸಪ್ತಾಹ. ವರ್ಷವಿಡೀ ನಿದ್ದೆ ಮಾಡುವ ಕಾಗದಗಳು ಆ ಒಂದು ವಾರ ಓಡುತ್ತವೆ. ಕೇಸ್ ವರ್ಕರ್ ರೇವಣ ಅರ್ಜಿ ಓದಿದ. ಮನುಷ್ಯ ಕರುಣಾಳು. ಮೂರಡಿಯ ಸೇತುವೆಯನ್ನು ಯಾರಾದರೂ ಕೇಳುತ್ತಾರೆಯೇ, ಪಾಪ ಹಳ್ಳಿಯ ಜನ, ಒಂದು ಸೊನ್ನೆ ಬಿಟ್ಟಿದ್ದಾರೆ ಎಂದು ತಾನೇ ಸೇರಿಸಿದ. ಮೂರು ಮೂವತ್ತಾಯಿತು. ಜೋಳದ ದಂಟು ಎಂಬಲ್ಲಿ "ಸ್ಥಳೀಯವಾಗಿ ದೊರೆಯುವ ಸಾಮಗ್ರಿ" ಎಂದು ತಿದ್ದಿದ. ಒಂದು ಡಜನ್ ಬಾಳೆಹಣ್ಣು "ಬಾಳೆಹಣ್ಣು ಸಾಗಾಣಿಕೆಯ ವಾಹನಗಳು" ಎಂದಾಯಿತು. ಮೀನುಗಳನ್ನು ನೋಡಿ "ವರ್ಷವಿಡೀ ನೀರು ಹರಿಯುತ್ತದೆ" ಎಂದು ಷರಾ ಬರೆದ. ಬುಧವಾರದ ಹೊತ್ತಿಗೆ ಪತ್ರ ತಯಾರಾಯಿತು: ಕಮಲಾಪುರದ ಶಾಲೆಯ ಹತ್ತಿರ ಮೂವತ್ತು ಅಡಿ ಸೇತುವೆಗಾಗಿ ಮುಂದಿನ ಗುರುವಾರ ಸ್ಥಳ ಪರಿಶೀಲನೆ, ಎಲ್ಲರೂ ಹಾಜರಿರತಕ್ಕದ್ದು. ಆ ಪತ್ರಕ್ಕೆ ಔಟ್‌ವರ್ಡ್ ನಂಬರ್ ಹಾಕುವ ಟೇಬಲ್ಲೂ ಭೀಮಶಾನದೇ. ಅವನು ಅದನ್ನು ಮೂರು ಸಲ ಓದಿದ. ಬಲಗೈ ಯಾರ ಮಾತನ್ನೂ ಕೇಳಲಿಲ್ಲ. ಢಬ್.

ಶುಕ್ರವಾರ ಪತ್ರ ಕಮಲಾಪುರದ ಪಟ್ಟಣ ಪಂಚಾಯಿತಿ ತಲುಪಿತು. ಶನಿವಾರ ಬೆಳಿಗ್ಗೆ ಭೀಮಶಾ ಹಲ್ಲು ತಿಕ್ಕುತ್ತ ಹೊರಗೆ ಬಂದರೆ ಚೌಕಿನಲ್ಲಿ ಫ್ಲೆಕ್ಸ್ ನಿಂತಿತ್ತು. ಪಟ್ಟಣ ಪಂಚಾಯಿತಿ ಮೆಂಬರ್ ಸಿದ್ದಣ್ಣ ಎರಡೂ ಕೈ ಮುಗಿದು ನಗುತ್ತಿದ್ದ. "ನುಡಿದಂತೆ ಸೇತುವೆ ತಂದ ಜನನಾಯಕ." ಹಿಂದೆ ಯಾವುದೋ ದೊಡ್ಡ ಸೇತುವೆಯ ಚಿತ್ರ ಇತ್ತು. ಅದರ ಕೆಳಗೆ ಹಡಗು ಹೋಗುತ್ತಿತ್ತು.

ಅವತ್ತಿನಿಂದ ಮನೆಗೆ ಜನ ಮುರಿದುಕೊಂಡು ಬಿದ್ದರು. ಸೇತುವೆಯ ಇಳಿಜಾರು ತನ್ನ ಬಾಳೆಹಣ್ಣಿನ ಗಾಡಿಯ ಕಡೆ ಬರಲಿ ಎಂದು ಇನಾಯತ್ ಕೇಳಿದ. ಹಿಟ್ಟಿನ ಗಿರಣಿಯವನು ತನ್ನ ಕಡೆ ಬರುವುದು ಬೇಡ, ಹಿಟ್ಟಿಗೆ ಧೂಳು ಬೀಳುತ್ತದೆ ಎಂದ. ಶಾಲೆಗೂ ಪತ್ರದ ಪ್ರತಿ ಹೋಗಿತ್ತು. ರಾಜೇಶ್ರೀ ಟೀಚರ್ ದಾರಿಯಲ್ಲಿ ನಿಲ್ಲಿಸಿ, "ಸರ್, ಮಕ್ಕಳ ಸೇತುವಿ ನೋಡ್ಲಿಕ್ಕ ದೊಡ್ಡ ಸಾಹೇಬ್ರನ್ನೇ ಕರಸಾಕತ್ತೀರಿ. ಮೂವತ್ತು ಅಂತ ಟೈಪ್ ತಪ್ಪ್ಯಾದ, ಇರ್ಲಿ ಬಿಡ್ರಿ. ಗುರುವಾರನೇ ಭಾರ ಹಾಕಿ ನೋಡೂಣು" ಎಂದರು. ಇಡೀ ಕಮಲಾಪುರದಲ್ಲಿ ವಿಷಯವನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಅವರೊಬ್ಬರೇ, ಅದೂ ತಪ್ಪಾಗಿ.

"ಎಲ್ಲಾರ ಮುಂದ ಹೇಳಿಬಿಡ್ರಿ" ಎಂದಳು ರಮಾಬಾಯಿ.

"ಹೇಳ್ತೀನಿ" ಎಂದ ಭೀಮಶಾ. ಮಗಳು ಒಳಗೆ ಕುಳಿತು ದಂಟಿಗೆ ನೂಲು ಸುತ್ತುತ್ತಿದ್ದಳು. ಅವನು ಹೇಳಲಿಲ್ಲ.

ಭಾನುವಾರ ಒಬ್ಬರಿಗೆ ಒಂದು ಸಣ್ಣ ಅನುಮಾನ ಬಂತು. ಸೇತುವೆ ಸರಿ, ನಾಲಾ ಎಲ್ಲಿ? ಶಾಲೆಯ ಹತ್ತಿರ ಮೂವತ್ತು ಅಡಿಯ ನಾಲಾ ಯಾರೂ ನೋಡಿಲ್ಲ. ಆದರೆ ಸರಕಾರ ಸುಮ್ಮನೆ ಬರೆಯುತ್ತದೆಯೇ? ಸೇತುವೆ ಮಂಜೂರಾಗಿದೆ ಎಂದ ಮೇಲೆ ನಾಲಾ ಇರಲೇಬೇಕು. ಇದ್ದ ನಾಲಾ ಕಾಣುತ್ತಿಲ್ಲ ಎಂದರೆ ಯಾರೋ ಮುಚ್ಚಿದ್ದಾರೆ. ಇನಾಯತ್‌ನ ಮುದುಕಿ ತಾಯಿ ಚಾಂದಬಿಯನ್ನು ಕೇಳಿದರು. ಆಕೆ ಎಲೆಯಡಿಕೆ ಜಗಿಯುತ್ತ ಯೋಚಿಸಿದಳು. "ಇತ್ತಲ್ಲ. ನಾ ಲಗ್ನಾಗಿ ಬಂದಾಗ ಸಾಲಿ ಹಿಂದ ನಾಲಾ ಇತ್ತು, ಅರಬಿ ಒಗೀತಿದ್ವಿ. ಈಗ ಅದ್ರ ಮ್ಯಾಲೆ ಸಿದ್ದಣ್ಣನ ಅಂಗಡಿ ಸಾಲು ಅದಲ್ಲ."

ಎಲ್ಲರೂ ತಿರುಗಿ ಸಿದ್ದಣ್ಣನ ಆರು ಶಟರಿನ ಅಂಗಡಿ ಸಾಲನ್ನು ನೋಡಿದರು. ಸೋಮವಾರ ಚೌಕಿನಲ್ಲಿ ಫ್ಲೆಕ್ಸ್ ಇರಲಿಲ್ಲ.

ಬುಧವಾರ ಸಂಜೆ ಸಿದ್ದಣ್ಣ ಭೀಮಶಾನ ಮನೆಗೆ ಹಿತ್ತಲ ಬಾಗಿಲಿನಿಂದ ಬಂದ. ಕೈಯಲ್ಲಿ ಬಾಳೆಹಣ್ಣಿನ ಚೀಲ.

"ಸಾಹೇಬ್ರ, ಸೇತುವಿ ಬ್ಯಾಡ ಅನ್ನಂಗಿಲ್ಲ. ಅಭಿವೃದ್ಧಿಗಿ ನಾ ಅಡ್ಡ ಬರಾವಲ್ಲ. ಆದ್ರ ಮೂವತ್ತಡಿ ಭಾಳ ಆಯ್ತು."

"ಎಷ್ಟ್ ಮಾಡಬೇಕ್ರಿ?" ಎಂದು ಭೀಮಶಾ ಕ್ಷೀಣವಾಗಿ ಕೇಳಿದ.

"ಇಪ್ಪತ್ತಂದ್ರೂ ನಾಕು ಶಟರ್ ಹೋಗ್ತಾವ. ಹತ್ತಂದ್ರ ಎರಡು." ಸಿದ್ದಣ್ಣ ಗಡ್ಡ ಕೆರೆದುಕೊಂಡ. "ನೀವು ದೊಡ್ಡ ಮನಸ್ ಮಾಡಿ ಒಂದು ಮೂರಡಿಗಿ ತಂದ್ರ ಸಾಕ್ರಿ."

ಭೀಮಶಾನ ಕಣ್ಣಲ್ಲಿ ನೀರು ಬಂತು. ಸಿದ್ದಣ್ಣನ ಎರಡೂ ಕೈ ಹಿಡಿದುಕೊಂಡು, "ಮೂರಡಿ ಅಂದ್ರ ಮೂರಡಿ. ಅದಕ್ಕ ನಾ ಜವಾಬ್ದಾರ" ಎಂದ. ಇಷ್ಟು ಪ್ರಾಮಾಣಿಕ ಎಂಜಿನಿಯರನ್ನು ಸಿದ್ದಣ್ಣ ತನ್ನ ರಾಜಕೀಯದಲ್ಲಿ ಕಂಡಿರಲಿಲ್ಲ. ಬಾಳೆಹಣ್ಣಿನ ಚೀಲವನ್ನು ರಮಾಬಾಯಿ ಅವನ ಹಿಂದೆಯೇ ವಾಪಸ್ ಕಳಿಸಿದಳು.

ಇಷ್ಟೆಲ್ಲ ನಡೆಯುವಾಗ ಮಕ್ಕಳು ಫೈಲ್ ಮೂವ್ ಆಗುವುದನ್ನು ಕಾಯುತ್ತ ಕುಳಿತಿರಲಿಲ್ಲ. ಮೊದಲನೆಯ ಸೇತುವೆ ನಾಲ್ಕು ಹಣ್ಣಿಗೆ ಬಿತ್ತು. ಎರಡನೆಯದು ಏಳಕ್ಕೆ ನಡು ಮುರಿಯಿತು. ಮದಿಹಾ ಎರಡು ದಿನ ಮುಖ ಗಂಟು ಹಾಕಿಕೊಂಡು ತಿರುಗಿದಳು. ಮೂರನೆಯ ದಿನ ಅಪ್ಪ ಹಣ್ಣು ಕೊಳ್ಳುವ ತೋಟಕ್ಕೆ ಹೋದಾಗ, ಗೊನೆಯ ಭಾರಕ್ಕೆ ಬಾಗಿದ ಬಾಳೆಗೆ ಎರಡು ಗಳಗಳನ್ನು ಕತ್ರಿಯ ಹಾಗೆ ಒಂದಕ್ಕೊಂದು ಅಡ್ಡ ಹಾಕಿ ಆನಿಸಿದ್ದನ್ನು ನೋಡಿದಳು. ಮರುದಿನ ಅವಳೂ ಪಂಚಶೀಲಾಳೂ ಸೇರಿ ದಂಟುಗಳನ್ನೆಲ್ಲ ಹಾಗೆಯೇ ಕತ್ರಿ ಹಾಕಿ, ಸಂದಿಗೆ ನೂಲು ಬಿಗಿದು ಮೂರನೆಯ ಸೇತುವೆ ಕಟ್ಟಿದರು.

ಗುರುವಾರ ಹನ್ನೊಂದಕ್ಕೆ ಜೀಪು ಬಂತು. ಶಾಲೆಯ ಅಂಗಳ ತುಂಬಿತ್ತು. ಅಸಿಸ್ಟೆಂಟ್ ಎಂಜಿನಿಯರ್ ಚಂದ್ರಾಮಪ್ಪ ಕಲಬುರಗಿ ಕೋಟನೂರಿನ ಮನೆಯಿಂದ ನೇರ ಬಂದಿದ್ದರು, ತಿಂಡಿ ತಿಂದಿರಲಿಲ್ಲ. ಇಳಿದವರೇ "ನಾಲಾ ಎಲ್ಲದ?" ಎಂದು ಕೇಳಿದರು.

"ಇಲ್ರಿ, ನಾಲಾ ಇಲ್ಲವೇ ಇಲ್ರಿ, ಎಂದೂ ಇದ್ದಿಲ್ರಿ" ಎಂದ ಸಿದ್ದಣ್ಣ ಒಂದೇ ಉಸಿರಿನಲ್ಲಿ.

ಚಂದ್ರಾಮಪ್ಪನವರ ಕಣ್ಣು ಗುಂಪಿನ ಹಿಂದೆ, ಕಂಬಕ್ಕೆ ಅಂಟಿಕೊಂಡು ನಿಂತಿದ್ದ ಭೀಮಶಾನ ಮೇಲೆ ಬಿತ್ತು. "ಏ ಭೀಮಶಾ. ರಜಾ ಹಾಕಿ ಇಲ್ಲಿ ಏನ್ ಮಾಡಾಕತ್ತಿ? ಅಲ್ಲಿ ಟಪಾಲು ರಾಶಿ ಬಿದ್ದಿರ್ತದ."

"ಸಾಹೇಬ್ರಿಗಿ ಟಪಾಲು ಯಾಕ್ರಿ?" ಇನಾಯತ್‌ಗೆ ಸಿಟ್ಟು ಬಂತು. "ನಮ್ಮ ಎಂಜಿನಿಯರ್ ಸಾಹೇಬ್ರು ಅವರು."

ಚಂದ್ರಾಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಯಾರೂ ನಗಲಿಲ್ಲ. ಸೇತುವೆಯ ಪಕ್ಕ ಕುಳಿತಿದ್ದ ಪಂಚಶೀಲಾ ಎದ್ದು ನಿಂತು ಅಪ್ಪನನ್ನು ನೋಡಿದಳು. ಭೀಮಶಾನಿಗೆ ನೆಲ ಬಾಯಿ ತೆರೆಯಬಾರದೇ ಅನಿಸಿತು. ತೆರೆದಿದ್ದರೆ ಅದಕ್ಕೂ ಒಂದು ಸೇತುವೆ ಬೇಕಾಗುತ್ತಿತ್ತು.

"ಅಪ್ಪಾ, ನೀ ಎಂಜಿನಿಯರ್ ಅಲ್ಲೇನು?"

ಹನ್ನೊಂದು ವರ್ಷ ಹೊತ್ತುಕೊಂಡು ತಿರುಗಿದ ಉಳಿದರ್ಧ ಮಾತನ್ನು ಭೀಮಶಾ ಕೊನೆಗೂ ಇಳಿಸಿದ. "ಅಲ್ಲವ್ವಾ. ಎಂಜಿನಿಯರಿಂಗ್ ಆಫೀಸಿನಾಗ ಟಪಾಲು ಟೇಬಲ್ ನಂದು. ಬಂದ ಕಾಗದಕ್ಕ ನಂಬರ್ ಹಾಕ್ತೀನಿ. ನಿಮ್ಮ ಅರ್ಜಿಗೂ ನಾನೇ ಹಾಕಿದ್ದು, ನೋಡಲಾರದೇ. ಅದಕ್ಕ ಇದೆಲ್ಲ ಆಯ್ತು."

ಪಂಚಶೀಲಾ ಜೀಪು ನೋಡಿದಳು. ಟೇಪು ಹಿಡಿದ ಸಾಹೇಬರನ್ನು ನೋಡಿದಳು. ಬಾಗಿ ನಿಂತ ಸಿದ್ದಣ್ಣನನ್ನು ನೋಡಿದಳು. ಅವಳ ಹುಬ್ಬು ಗಂಟಿಕ್ಕಿ, ಆಮೇಲೆ ಬಿಚ್ಚಿತು. ಮದಿಹಾಳ ಕಡೆ ತಿರುಗಿ, "ನೋಡಿದೇನ?" ಎಂದಳು. "ನಮ್ಮಪ್ಪ ನಂಬರ್ ಹಾಕಿದ್ರನೇ ಎಂಜಿನಿಯರ್ ಬರ್ತಾರ. ಹಾಕಲಿಲ್ಲಂದ್ರ ಬರಂಗೇ ಇಲ್ಲ."

ಚಂದ್ರಾಮಪ್ಪನವರ ನಗು ನಿಂತಿತು. ಇಪ್ಪತ್ತು ವರ್ಷದ ಸೇವೆಯಲ್ಲಿ ತಮ್ಮ ಇಲಾಖೆಯನ್ನು ಇಷ್ಟು ಸರಿಯಾಗಿ ಯಾರಾದರೂ ವರ್ಣಿಸಿದ್ದನ್ನು ಅವರು ಕೇಳಿರಲಿಲ್ಲ.

ಬಂದ ಮೇಲೆ ಪರಿಶೀಲನೆ ಮಾಡಲೇಬೇಕು. ಅವರು ನಾಲಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಟೇಪು ಹಿಡಿದರು. ಮೂರು ಅಡಿ. ಸಿದ್ದಣ್ಣ ದೊಡ್ಡ ಉಸಿರು ಬಿಟ್ಟ. ಇನಾಯತ್ ಹಣ್ಣು ಕೊಟ್ಟ, ಮಕ್ಕಳು ಒಂದೊಂದೇ ಇಟ್ಟರು. ಏಳಕ್ಕೆ ಅಂಗಳ ಉಸಿರು ಹಿಡಿಯಿತು. ಹನ್ನೆರಡಕ್ಕೆ ದಂಟು ಕಿರ್ ಎಂದಿತು, ನಿಂತಿತು. ಚಂದ್ರಾಮಪ್ಪ ಒಂದು ಹಣ್ಣು ಸುಲಿದು ಬಾಯಿಗೆ ಹಾಕಿಕೊಂಡು ಕೇಳಿದರು. "ಕತ್ರಿ ಯಾಕ ಹಾಕೀರಿ?"

"ನೆಟ್ಟಗಿದ್ರ ಬಾಗ್ತದ ರೀ. ಕತ್ರಿ ಹಾಕಿದ್ರ ಒಂದಕ್ಕೊಂದು ಹಿಡ್ಕೋತಾವ" ಎಂದಳು ಮದಿಹಾ.

ಸಾಹೇಬರು ಫೈಲಿನಲ್ಲಿ ಬರೆದರು: "ಸ್ಥಳ ಪರಿಶೀಲಿಸಲಾಯಿತು. ಕಾಮಗಾರಿ ಪೂರ್ಣಗೊಂಡಿದೆ. ಭಾರ ಪರೀಕ್ಷೆ ತೃಪ್ತಿಕರ. ಕಡತ ಮುಕ್ತಾಯ." ಅರ್ಜಿ ಕೊಟ್ಟ ಹದಿಮೂರನೆಯ ದಿನಕ್ಕೆ ಕೆಲಸ ಮುಗಿದಿತ್ತು. ಆ ಸಪ್ತಾಹದ ವರದಿಯಲ್ಲಿ ಇದನ್ನೇ ದಪ್ಪ ಅಕ್ಷರದಲ್ಲಿ ಹಾಕಿದರು ಎಂದು ರೇವಣ ಆಮೇಲೆ ಹೇಳಿದ. ಮೂವತ್ತು ಅಡಿ ಎಂದೇ ಹಾಕಿದರಂತೆ.

ಸಂಜೆ ಇನಾಯತ್ ಮನೆಗೆ ಬಂದ. ಭೀಮಶಾ ತಲೆ ತಗ್ಗಿಸಿಕೊಂಡು ಕುಳಿತಿದ್ದ. "ಭೀಮಶಾ ಭಾಯ್, ನಮ್ಮ ಹಿತ್ತಲ ಗೋಡಿ ಬಾಗೇದ" ಎಂದು ಇನಾಯತ್ ಎಂದಿನಂತೆಯೇ ಹೇಳಿದ. ಭೀಮಶಾನ ಬೆರಳ ಗೆಣ್ಣು ತಾನಾಗಿ ಮೇಲೆದ್ದಿತು.

"ಮೊದಲ ಅರ್ಜಿ" ಎಂದಳು ಪಂಚಶೀಲಾ.

ಇನಾಯತ್ ಜೇಬಿನಿಂದ ಕಾಗದ ತೆಗೆದ. ಮದಿಹಾ ಬರೆದುಕೊಟ್ಟಿದ್ದಳು, ವಿಷಯದ ಕೆಳಗೆ ಗೆರೆಯೂ ಇತ್ತು. ಪಂಚಶೀಲಾ ಅಡಿಗೆ ಮನೆಗೆ ಹೋಗಿ ಅರ್ಧ ಆಲೂಗಡ್ಡೆ ತಂದಳು. ಕೊಯ್ದ ಮುಖದಲ್ಲಿ ದುಂಡಗೆ ಗೆರೆ ಕೆತ್ತಿದ್ದಳು, ನಡುವೆ ಎರಡು ಮೀನು. ಬೀಟ್‌ರೂಟ್ ರಸದಲ್ಲಿ ಅದ್ದಿ ಹೊಡೆದಳು. ಢಬ್. ಪಕ್ಕದಲ್ಲಿ ಪೆನ್ಸಿಲಿನಿಂದ ನಂಬರ್ 1 ಎಂದು ಬರೆದು ಅಪ್ಪನ ಮುಂದೆ ಇಟ್ಟಳು.

ನಂಬರ್ ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕು. ಭೀಮಶಾ ಪೆನ್ನು ತೆಗೆದು ಬರೆದ: "ನಾನು ಎಂಜಿನಿಯರ್ ಅಲ್ಲ. ಗೋಡೆ ಬೀಳುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೌಂಡಿಯನ್ನು ಕೇಳತಕ್ಕದ್ದು." ಕೆಳಗೆ ಪೂರ್ತಿ ಸಹಿ, ಪೂರ್ತಿ ಹುದ್ದೆ.

ಇನಾಯತ್ ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡ. "ಹನ್ನೊಂದು ವರ್ಷದಾಗ ಇದೊಂದೇ ನೀವು ಸಾಫ್ ಹೇಳಿದ್ದು" ಎಂದು ಖುಷಿಯಿಂದ ಹೊರಟ. ಹೊಸಿಲಿನ ಹೊರಗೆ ಆಗಲೇ ಐದು ಜನ ಅರ್ಜಿ ಹಿಡಿದು ನಿಂತಿದ್ದರು. ರಮಾಬಾಯಿ ಇಣುಕಿ ನೋಡಿ, ಇನ್ನೊಂದು ಆಲೂಗಡ್ಡೆ ಕೊಯ್ಯಲು ಒಳಗೆ ಹೋದಳು.